ಬೀಸುವ ಪದಕ್ಕೊಂದು ತಕರಾರು

ದೀಪಾವಳಿಗೆ ಮುಂಚೆ ಅಟ್ಟ ಗುಡಿಸುವುದು ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದ ಕೆಲಸ. ಪ್ರತಿ ವರ್ಷವೂ ಪೊರಕೆ ಹಿಡಿದು ಹತ್ತುತ್ತೇನೆ, ಏನಾದರೊಂದು ಕೈಗೆ ಸಿಕ್ಕಿ ಅಲ್ಲೇ ಕುಳಿತುಬಿಡುತ್ತೇನೆ, ಕೊನೆಗೆ ಅಟ್ಟ ಗುಡಿಸುವವಳು ನನ್ನ ಹೆಂಡತಿ ಸುಮಾ. ಈ ಸಲ ಸಿಕ್ಕಿದ್ದು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ನಲವತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳು, ಒಂದರ ಮೈಗೊಂದು ಅಂಟಿಕೊಂಡು ಮಲಗಿದ್ದವು.

"ಮ್ಯಾಲೆ ಜೀವ ಐತೋ ಇಲ್ಲೋ?" ಸುಮಾ ಕೆಳಗಿನಿಂದ ಕೂಗಿದಳು.

"ಕ್ಯಾಸೆಟ್ಟು ಸಿಕ್ಕಿದಾವೆ."

"ಆತು ಬಿಡ್ರಿ, ಇವತ್ತಿನ ಗುಡಿಸೋದು ಮುಗೀತು," ಅಂದವಳು ತಾನೇ ಏಣಿ ಹತ್ತಿ ಬಂದು ಒಂದು ಕ್ಯಾಸೆಟ್ಟು ಎತ್ತಿಕೊಂಡಳು. ಅದರ ಒಳಗಿನ ಮಡಿಸಿದ ಕಾಗದ ಬಿಡಿಸಿ, ಪೆನ್ಸಿಲಿನಲ್ಲಿ ಬರೆದಿದ್ದನ್ನು ಗಟ್ಟಿಯಾಗಿ ಓದಿದಳು: "'ಎರಡನೇ ಬದಿ ದಂಡ. ಕೊಳಲು ಊದುವವನಿಗೆ ಜ್ವರ ಬಂದಿರಬೇಕು.' ಏನ್ರೀ ಇದು?"

"ವಿಮರ್ಶೆ," ಅಂದೆ.

"ಎಷ್ಟನೇ ಕ್ಲಾಸಿನಾಗಿದ್ರಿ ಆವಾಗ?"

"ಒಂಬತ್ತು."

ಸುಮಾ ಇನ್ನೊಂದು ಬಿಡಿಸಿದಳು. "'ಗಾಯಕಿಗೆ ದೇವರ ಮೇಲೆ ಭಕ್ತಿಗಿಂತ ಸಿಟ್ಟು ಹೆಚ್ಚು.' ನಿಮ್ಮನ್ನ ಕಟ್ಟಿಕೊಂಡಿರೋ ನನ್ನ ಮ್ಯಾಲೂ ಯಾವುದೋ ಕಾಗದದಾಗೆ ಏನೋ ಬರೆದಿಟ್ಟಿರ್ತೀರಿ ಬಿಡ್ರಿ."

ಬರೆದಿಟ್ಟಿಲ್ಲ. ಅಷ್ಟು ಧೈರ್ಯ ನನಗಿಲ್ಲ. ನನ್ನ ಖಡಕ್ ಮಾತೆಲ್ಲ ಹಾಡುಗಳ ಮೇಲೆ ಮಾತ್ರ. ಉಳಿದಂತೆ ನಾನು ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸ್ಸು ಬಂದು ನೋಡುವ ಮನುಷ್ಯ. ಯಾರಾದರೂ "ಸರಿ" ಅಂತ ಒಂದೇ ಮಾತಿನ ಮೆಸೇಜು ಕಳಿಸಿದರೆ, ಅದು ಒಪ್ಪಿಗೆಯೋ ಸಿಟ್ಟೋ ಎಂದು ಮಧ್ಯಾಹ್ನದ ತನಕ ಲೆಕ್ಕ ಹಾಕುತ್ತೇನೆ. ಇಂಥವನು ಹಾಡಿನ ವಿಷಯಕ್ಕೆ ಬಂದರೆ ಮಾತ್ರ ಯಾಕೆ ಹೀಗೆ ಕತ್ತಿ ಹಿಡಿಯುತ್ತಾನೆ ಅನ್ನುವುದು ನನಗೂ ಪೂರ್ತಿ ತಿಳಿದಿಲ್ಲ. ಒಂದು ಊಹೆ ಇದೆ. ಶಿಕಾರಿಪುರದ ಕಚೇರಿಯೊಂದರಲ್ಲಿ ಜಮೀನಿನ ಕಾಗದಪತ್ರ ನೋಡುವ ಕೆಲಸ ನನ್ನದು. ಅರ್ಜಿ ಬಂದರೆ ಮೊದಲು ತಪ್ಪು ಹುಡುಕಬೇಕು, ತಪ್ಪು ಸಿಕ್ಕರೆ ತಕರಾರು ಬರೆಯಬೇಕು. ಇಪ್ಪತ್ತೈದು ವರ್ಷ ಇದನ್ನೇ ಮಾಡಿದ ಕೈ ಹಾಡಿಗೂ ಅದೇ ಶೈಲಿಯಲ್ಲಿ ಬರೆಯುತ್ತದೆ. ಆದರೆ ಒಂಬತ್ತನೇ ಕ್ಲಾಸಿನಲ್ಲಿ ನನಗೆ ಯಾವ ಕಚೇರಿಯೂ ಇರಲಿಲ್ಲವಲ್ಲ ಎಂದು ನೀವು ಕೇಳಿದರೆ, ಆ ತಕರಾರನ್ನು ಒಪ್ಪಿಕೊಳ್ಳುತ್ತೇನೆ.

ಈ ಕ್ಯಾಸೆಟ್ಟುಗಳೆಲ್ಲ ಆನವಟ್ಟಿಯ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಕೇಳಿದವು. ಅಪ್ಪನ ಬಳಿ ಒಂದು ಟೇಪ್‌ರೆಕಾರ್ಡರ್ ಇತ್ತು. ಕರೆಂಟು ಇರುತ್ತಿದ್ದ ಹೊತ್ತಿಗಿಂತ ಇಲ್ಲದ ಹೊತ್ತೇ ಹೆಚ್ಚಾದ್ದರಿಂದ ಅದು ಓಡುತ್ತಿದ್ದದ್ದು ದಪ್ಪನೆಯ ನಾಲ್ಕು ಸೆಲ್ಲುಗಳ ಮೇಲೆ. ಸೆಲ್ಲು ಸಾಯುತ್ತ ಬಂದಾಗ ಅಪ್ಪ ಅವನ್ನು ಹೊರಗೆ ತೆಗೆದು, ಹಪ್ಪಳದ ಪಕ್ಕದಲ್ಲೇ ಬಿಸಿಲಿಗೆ ಇಡುತ್ತಿದ್ದರು. ಸಾಯಂಕಾಲಕ್ಕೆ ಅವಕ್ಕೆ ಅರ್ಧ ಜೀವ ಬರುತ್ತಿತ್ತು. ಆ ಅರ್ಧ ಜೀವದ ಮೇಲೆ ಹಾಡುಗಾರರು ಹಾಡುತ್ತಿದ್ದರು. ಏನು ಗಾಂಭೀರ್ಯ, ಏನು ನಿಧಾನ! ಒಂದೊಂದು ಸಾಲಿನ ಕೊನೆಯಲ್ಲಿ ಸ್ವರ ಹಾಗೇ ಕೆಳಗಿಳಿದು, ಅಡಿಕೆ ಹಾಕಿಕೊಂಡು ಕೂತ ಹಿರಿಯರ ಹಾಗೆ ನೆಲೆ ನಿಲ್ಲುತ್ತಿತ್ತು. ದೊಡ್ಡ ಹಾಡುಗಾರರೆಂದರೆ ಹೀಗೆ ಎಂದು ನಾನು ನಂಬಿದೆ. ಮುಂದೆ ಶಿಕಾರಿಪುರಕ್ಕೆ ಕಾಲೇಜಿಗೆ ಬಂದಾಗ ಗೆಳೆಯನೊಬ್ಬನ ಮನೆಯಲ್ಲಿ ಅದೇ ಕ್ಯಾಸೆಟ್ಟು ಕರೆಂಟಿನ ಮೇಲೆ ಓಡಿತು. ಅದೇ ಗಾಯಕರು, ತೆಳ್ಳನೆಯ ದನಿ, ಚುರುಕು ನಡೆ. "ಇದು ಡೂಪ್ಲಿಕೇಟ್ ಕ್ಯಾಸೆಟ್ಟು ಕಣೋ, ಯಾರೋ ಮೋಸ ಮಾಡಿದಾರೆ," ಎಂದು ನಾನು ಆಣೆ ಹಾಕಿ ಹೇಳಿದೆ. ಗೆಳೆಯನ ತಾಯಿ ತಂದಿಟ್ಟ ಅವಲಕ್ಕಿ ತಿನ್ನುತ್ತಲೇ ಅವರ ಮನೆಯ ಕ್ಯಾಸೆಟ್ಟನ್ನು ಕಳ್ಳಮಾಲು ಅಂದವನು ನಾನು. ನನ್ನ ರುಚಿ ಅನ್ನುವುದು ಬಿಸಿಲಿಗೆ ಒಣಗಿಸಿದ ಸೆಲ್ಲಿನಿಂದ ಹುಟ್ಟಿದ್ದು ಎಂದು ಗೊತ್ತಾಗುವುದಕ್ಕೆ ಇನ್ನೂ ಎಷ್ಟೋ ವರ್ಷ ಬೇಕಾಯಿತು.

ಈಗ ಕ್ಯಾಸೆಟ್ಟಿನ ಕಾಗದ ಇಲ್ಲ. ಅದರ ಬದಲು ಫೋನಿನಲ್ಲಿ ಒಂದು ಗುಂಪು ಇದೆ. ಶಿಕಾರಿಪುರ, ಸೊರಬ ಎರಡೂ ತಾಲೂಕಿನ ಹಾಡು ಕೇಳುವವರು ಸೇರಿ ಮಾಡಿಕೊಂಡದ್ದು. ಅದರ ಯಜಮಾನರು ಸೊರಬದ ಹಾಲಪ್ಪ ಮೇಷ್ಟ್ರು, ನಿವೃತ್ತರು. ವಾರಕ್ಕೊಂದು ಆಲ್ಬಮ್ ಹಾಕಬೇಕು, ಎಲ್ಲರೂ ಕೇಳಿ ಅಭಿಪ್ರಾಯ ಬರೆಯಬೇಕು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬರೆಯಬಾರದು ಅನ್ನುವುದು ಮೇಷ್ಟ್ರು ಮಾಡಿದ ಕಾನೂನು. ಕೊನೆಯದನ್ನು ಬಿಟ್ಟು ಉಳಿದೆರಡನ್ನು ಜನ ಪಾಲಿಸುತ್ತಾರೆ. ತಪ್ಪು ಹೇಳಿದೆ, ಕೇಳುವುದನ್ನೂ ಬಿಟ್ಟು.

ಈ ಅಭಿಪ್ರಾಯಗಳ ಬಗ್ಗೆ ನನಗೊಂದಿಷ್ಟು ಅಭಿಪ್ರಾಯಗಳಿವೆ. ಕೆಲವರಿಗೆ ಎಲ್ಲವೂ "ಅದ್ಭುತ". ಹಾಡು ಬಂದರೂ ಅದ್ಭುತ, ಯಾರೋ ತಪ್ಪಿ ಕರೆಂಟು ಬಿಲ್ಲಿನ ಫೋಟೋ ಹಾಕಿದರೂ ಅದ್ಭುತ. ಒಬ್ಬರು ಶಿರಾಳಕೊಪ್ಪದವರು, ಹಾಡು ಯಾವುದೇ ಇರಲಿ, ಅದರ ರಾಗದ ಹೆಸರು ಬರೆಯುತ್ತಾರೆ. ಮೂರು ವರ್ಷದಿಂದ ಬರೆಯುತ್ತಿದ್ದಾರೆ, ಮೂರು ವರ್ಷದಿಂದಲೂ ಅದೇ ರಾಗ. ಇನ್ನೊಬ್ಬರಿಗೆ ಯಾವ ಹಾಡು ಕೇಳಿದರೂ ತಮ್ಮ ಮಂಡಿನೋವು ಶುರುವಾದ ಕಾಲ ನೆನಪಾಗುತ್ತದೆ. ಅವರದನ್ನು ನಾನು ಗೌರವದಿಂದ ಓದುತ್ತೇನೆ, ಯಾಕೆಂದರೆ ಅದರಲ್ಲಿ ಸುಳ್ಳಿಲ್ಲ.

ಇನ್ನು ಆಲ್ಬಮ್ಮುಗಳ ಬಗ್ಗೆ ಹೇಳಬೇಕೆಂದರೆ, ವಚನದ ಆಲ್ಬಮ್ಮುಗಳನ್ನು ಯಾಕೆ ಎಲ್ಲರೂ ಬಾವಿಯೊಳಗೆ ಇಳಿದು ಹಾಡುತ್ತಾರೆ? ಒಂದೊಂದು ಮಾತೂ ನಾಲ್ಕು ಸಲ ಗೋಡೆಗೆ ಬಡಿದು ವಾಪಸ್ಸು ಬರುತ್ತದೆ. ಉಡುತಡಿಯ ಗುಡಿಯಲ್ಲಿ ಮುದುಕಿಯೊಬ್ಬಳು ಕಂಬಕ್ಕೊರಗಿ, ಹೂ ಕಟ್ಟುತ್ತ ಅಂಥದೇ ಒಂದು ವಚನವನ್ನು ಪಕ್ಕದವರಿಗೆ ಹೇಳುವ ಹಾಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಮೈ ಜುಮ್ಮೆಂದಿತ್ತು. ಭಾವಗೀತೆಗಳಲ್ಲಿ ಪಿಟೀಲು ಯಾಕೆ ಯಾವಾಗಲೂ ಕವಿಗಿಂತ ಮೊದಲೇ ಅಳಲು ಶುರುಮಾಡುತ್ತದೆ? ಜನಪದ ಹಾಡಿಗೆ ಕೀಬೋರ್ಡು ಸೇರಿಸುವವರ ಬಗ್ಗೆ ನಾನು ಬರೆದದ್ದನ್ನು ಇಲ್ಲಿ ಬರೆಯಲಾರೆ. ಹೀಗೆಲ್ಲ ಬರೆದು ಕಳಿಸುತ್ತಿದ್ದೆ. ಕಳಿಸಿದ ಮರುಕ್ಷಣದಿಂದ, ಆ ಪಿಟೀಲಿನವನು ನಮ್ಮ ಕಚೇರಿಗೆ ಬಂದು ಜಗಳ ತೆಗೆದರೆ ಏನು ಗತಿ ಎಂಬ ಚಿಂತೆ. ಆದರೂ ಗುಂಪಿನಲ್ಲಿ ನನಗೊಂದು ಹೆಸರಾಗಿತ್ತು. "ನಿಮ್ಮ ಕಿವಿ ಅಂದ್ರೆ ಕಿವಿ ಸರ್," ಎನ್ನುತ್ತಿದ್ದರು ಹಾಲಪ್ಪ ಮೇಷ್ಟ್ರು. ಚಿಂತೆಯ ಮೇಲೆ ಈ ಹೊಗಳಿಕೆಯ ಮುಲಾಮು ಹಚ್ಚಿಕೊಂಡು ನಾನು ಮುಂದಿನ ವಾರಕ್ಕೆ ತಯಾರಾಗುತ್ತಿದ್ದೆ.

ಹೋದ ವರ್ಷ ಸಂಕ್ರಾಂತಿಯ ಆಸುಪಾಸಿನಲ್ಲಿ ಕುಪ್ಪಗಡ್ಡೆಯ ರುದ್ರಪ್ಪ ಎಂಬವರು ಗುಂಪಿಗೆ ಆರು ಹಾಡು ಕಳಿಸಿದರು. ಹಾಡಿದವರು ಅವರ ಹೆಂಡತಿ ಶಾರದಮ್ಮ. ಐವತ್ತೆಂಟರ ವಯಸ್ಸು. ಅಲ್ಲಿನ ಸುತ್ತಮುತ್ತ ಮದುವೆ, ಸೀಮಂತಕ್ಕೆ ಸೋಬಾನೆ ಹೇಳುವುದು ಅವರೇ. ಹಿಟ್ಟು ಬೀಸುವಾಗಿನ ಪದಗಳನ್ನೂ ತಾಯಿಯಿಂದ ಕಲಿತಿದ್ದರು. ನೆಂಟರೊಬ್ಬರ ಒತ್ತಾಯಕ್ಕೆ ಹೋಗಿ ಸ್ಟುಡಿಯೋದಲ್ಲಿ ಹಾಡಿ ಬಂದಿದ್ದರು. ಸ್ಟುಡಿಯೋದವರು ಕೊಟ್ಟ ಪೆನ್‌ಡ್ರೈವ್‌ನಿಂದ ಫೋನಿಗೆ ಹಾಡು ದಾಟಿಸುವುದು ರುದ್ರಪ್ಪನವರಿಗೆ ತಿಳಿಯಲಿಲ್ಲ. ಅವರು ಟಿ.ವಿ.ಗೆ ಅದನ್ನು ಚುಚ್ಚಿ, ಹಾಡು ಹಚ್ಚಿ, ಟಿ.ವಿ. ಮುಂದೆ ಫೋನು ಹಿಡಿದು ಒಂದೊಂದೇ ಹಾಡನ್ನು ವಾಯ್ಸ್ ಮೆಸೇಜು ಮಾಡಿದರು. ಮೂರನೆಯ ಪದದಲ್ಲಿ ಕುಕ್ಕರಿನ ಸೀಟಿ ಕೇಳುತ್ತದೆ. ಅದು ಆಲ್ಬಮ್ಮಿನ ಭಾಗವಲ್ಲ ಎಂದು ಅವರೇ ಕೆಳಗೆ ಬರೆದಿದ್ದರು.

ಹಾಡುಗಳನ್ನು ನಾನು ಶ್ರದ್ಧೆಯಿಂದ ಕೇಳಿದೆ. ಎರಡು ಸಲ ಕೇಳಿದೆ. ಅಷ್ಟು ಚೆನ್ನಾದ ದನಿ, ಆದರೆ ಏನು ಅವಸರ! ಒಂದು ಸಾಲು ಮುಗಿಯುವ ಮೊದಲೇ ಮುಂದಿನದು ಅದರ ಬೆನ್ನು ತುಳಿಯುತ್ತಿತ್ತು. ಮಾರನೆಯ ದಿನ ಬರೆದೆ: "ದನಿ ಒಳ್ಳೆಯದು. ಆದರೆ ಇವು ಕಲ್ಲು ಬೀಸುವವರ ಹಾಡಲ್ಲ, ಮಿಕ್ಸರ್ ತಿರುಗಿಸುವವರ ಹಾಡು." ಬರೆದು, ಆ ಸಾಲನ್ನು ಸುಮಾಗೆ ಓದಿ ಹೇಳಿದೆ. ನಿಜ ಹೇಳುತ್ತೇನೆ, ಆ ಸಾಲಿನ ಬಗ್ಗೆ ನನಗೆ ಬಹಳ ಹೆಮ್ಮೆಯಾಗಿತ್ತು.

"ಪಾಪ ರೀ," ಅಂದಳು ಸುಮಾ.

"ವಿಮರ್ಶೆಯಲ್ಲಿ ಪಾಪ ಪುಣ್ಯ ಇಲ್ಲ," ಅಂದೆ.

ಅಂದಿದ್ದೇನೋ ಅಂದೆ, ಐದು ನಿಮಿಷಕ್ಕೊಮ್ಮೆ ಫೋನು ತೆಗೆದು ನೋಡುತ್ತಲೇ ಇದ್ದೆ. ಆದರೆ ಸಾಯಂಕಾಲದೊಳಗೆ ಹದಿನೇಳು ಜನ ನನ್ನ ಮಾತು ಒಪ್ಪಿದರು. "ಸರಿಯಾಗಿ ಹೇಳಿದ್ರಿ ಸರ್", "ನಂಗೂ ವೇಗ ಹೆಚ್ಚಾಯ್ತು ಅನ್ನಿಸ್ತು", "ಮಿಕ್ಸರ್! ಹಹಹ". ಮೊದಲ ದಿನ ಆ ಹಾಡಿಗೆ "ಅದ್ಭುತ" ಎಂದು ಬರೆದವರೂ ಅದರಲ್ಲಿದ್ದರು. ಹದಿನೇಳು ಜನ ಒಪ್ಪಿದ ಮೇಲೆ ನನ್ನಂಥ ಚಿಂತೆಯ ಮನುಷ್ಯನಿಗೂ ಚಿಂತೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಶಾರದಮ್ಮನವರಿಂದಾಗಲಿ, ರುದ್ರಪ್ಪನವರಿಂದಾಗಲಿ ಒಂದು ಮಾತೂ ಬರಲಿಲ್ಲ.

ಇಲ್ಲಿ ನನ್ನ ಅಕ್ಕನ ವಿಷಯ ಹೇಳಬೇಕು. ಆಕೆ ಇರುವುದು ಆನವಟ್ಟಿಯಲ್ಲಿ. ವಾರಕ್ಕೆ ಮೂರು ಸಲವಾದರೂ ನನಗೆ ವಾಯ್ಸ್ ಮೆಸೇಜು ಕಳಿಸುತ್ತಾಳೆ, ಒಂದೊಂದೂ ಏಳೆಂಟು ನಿಮಿಷ. ನಾನಾಗಿ ಫೋನು ಮಾಡುವುದಿಲ್ಲ. ಮಾಡಿದರೆ ನಾನೂ ಮಾತಾಡಬೇಕಾಗುತ್ತದಲ್ಲ. ಮೆಸೇಜಿನಲ್ಲಿ ಅಕ್ಕ ಹುರಿಗಾಳು ಹುರಿದ ಹಾಗೆ ಪಟಪಟ ಮಾತಾಡುತ್ತಾಳೆ. ಹಬ್ಬಕ್ಕೆ ಅವಳ ಮನೆಗೆ ಹೋದಾಗ ನಿಧಾನ ಮಾತಾಡಿದರೆ, ಪಾಪ, ಹೋಳಿಗೆ ಮಾಡಿ ಸುಸ್ತಾಗಿದ್ದಾಳೆ ಅಂದುಕೊಳ್ಳುತ್ತಿದ್ದೆ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅಕ್ಕ ಸುಮಾಳ ಫೋನಿಗೆ ಮೆಸೇಜು ಕಳಿಸಿದಳು. ಸುಮಾ ಅಡುಗೆಮನೆಯಲ್ಲಿ ಅದನ್ನು ಹಚ್ಚಿದಳು. ಹಜಾರದಲ್ಲಿ ಕೂತಿದ್ದ ನಾನು ಎದ್ದು ನಿಂತೆ. ಅಕ್ಕನ ದನಿ ಎಳೆಯುತ್ತಿತ್ತು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅಂತರ. ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದಾಗಲೂ ಮೊದಲು ಮಾತೇ ನಿಧಾನವಾದದ್ದು. ಕೂಡಲೇ ಅಕ್ಕನಿಗೆ ಫೋನು ಮಾಡಿದೆ.

"ಅಕ್ಕಾ, ನಗು ನೋಡಾಣ."

"ಏನೋ?"

"ನಕ್ಕರೆ ಬಾಯಿ ಒಂದು ಕಡೆ ವಾಲ್ತದಾ? ಕನ್ನಡಿ ನೋಡ್ಕೋ. ಎಡಗೈ ಎತ್ತಕ್ಕೆ ಬರ್ತದಾ?"

"ಎಡಗೈನಾಗೆ ಮೊಬೈಲ್ ಹಿಡ್ಕಂಡು ನಿನ್ ಹತ್ರ ಮಾತಾಡ್ತಿದೀನಿ. ನಿಂಗೆ ಏನಾತೋ ತಮ್ಮಾ?"

"ಮತ್ತೆ ಯಾಕೆ ಇಷ್ಟು ನಿಧಾನ ಮಾತಾಡ್ತಿದೀಯಾ?"

"ಹುಟ್ಟಿದಾಗಿಂದ ಹಿಂಗೇ ಮಾತಾಡೋದು ಕಣೋ ನಾನು! ಐವತ್ತು ವರ್ಷ ಆತು, ಈಗ ಕೇಳಸ್ತಾ ನಿಂಗೆ?"

ಸುಮಾ ಕೈ ಒರೆಸಿಕೊಂಡು ಬಂದು ನನ್ನ ಫೋನು ಕಸಿದುಕೊಂಡಳು. ಅಕ್ಕನ ಹಳೆಯ ಮೆಸೇಜೊಂದನ್ನು ಹಚ್ಚಿ, ಅದರ ಪಕ್ಕದಲ್ಲಿ ಪುಟ್ಟದಾಗಿ ಕಾಣುತ್ತಿದ್ದ ಗುರುತಿನ ಮೇಲೆ ಬೆರಳಿಟ್ಟು ತೋರಿಸಿದಳು. ಒಂದೂವರೆ ಪಟ್ಟು ವೇಗ. ಯಾವಾಗಲೋ ನನ್ನ ಹೆಬ್ಬೆರಳು ಅದನ್ನು ಒತ್ತಿತ್ತು. ಒತ್ತಿದ್ದು ಒತ್ತಿದ ಹಾಗೇ ಉಳಿದಿತ್ತು. ಹೀಗೊಂದು ಸೌಲಭ್ಯವಿದೆ ಎಂದೇ ನನಗೆ ಗೊತ್ತಿರಲಿಲ್ಲ. ಈಚೆಗೆ ಎಲ್ಲರೂ ಅವಸರದಲ್ಲಿ ಮಾತಾಡುತ್ತಾರೆ, ಕಾಲ ಕೆಟ್ಟಿದೆ ಎಂದು ನಾನು ಅಂದುಕೊಂಡಿದ್ದೆ. ಗುಂಪಿನ ಉಳಿದ ಆಲ್ಬಮ್ಮುಗಳು ಲಿಂಕಾಗಿ ಬರುತ್ತಿದ್ದರಿಂದ ಅವುಗಳಿಗೆ ಈ ರೋಗ ತಗುಲಿರಲಿಲ್ಲ. ವಾಯ್ಸ್ ಮೆಸೇಜಾಗಿ ಬಂದದ್ದು ಒಬ್ಬರದು ಮಾತ್ರ.

ನನಗಿಂತ ಮೊದಲು ಅದು ಸುಮಾಗೆ ಹೊಳೆಯಿತು. "ರೀ," ಅಂದಳು. "ಆ ಕುಪ್ಪಗಡ್ಡೆಯೋರ ಹಾಡು?"

ಆಗಲೇ ಹಚ್ಚಿ ಕೇಳಿದೆವು, ಸರಿಯಾದ ವೇಗದಲ್ಲಿ. ಎರಡನೆಯ ಪದ ಮುಗಿಯುವ ಹೊತ್ತಿಗೆ ಸುಮಾ ಎದ್ದು ಒಳಗೆ ಹೋದಳು. ಒಗ್ಗರಣೆ ಸೀದಿರಲಿಲ್ಲ. ಸುಮ್ಮನೆ ಹೋದಳು.

ನಾನು ಹಾಲಪ್ಪ ಮೇಷ್ಟ್ರಿಗೆ ಫೋನು ಮಾಡಿದೆ. "ಮೇಷ್ಟ್ರೇ, ಶಾರದಮ್ಮನವರ ಹಾಡು ನಿಮಗೆ ವೇಗ ಅನ್ನಿಸಿತ್ತಾ?"

"ಬಾಳ ವೇಗ ಸರ್. ಹಂಗೇ ಬರೆದಿದ್ನಲ್ಲ."

"ನೀವು ಕೇಳಿದ್ರಾ?"

"ನೀವು ಬರೆದಿದ್ದು ಓದಿದ್ದೆ ಸರ್," ಅಂದರು ಮೇಷ್ಟ್ರು. ಆಮೇಲೆ ಅವರೇ ಇನ್ನೊಂದು ವಿಷಯ ಹೇಳಿದರು. ನನ್ನ ಸಾಲು ಗುಂಪಿನೊಳಗೆ ನಿಂತಿರಲಿಲ್ಲ. ಆನವಟ್ಟಿಯ ಒಂದು ಮದುವೆಯಲ್ಲಿ ಶಾರದಮ್ಮ ಸೋಬಾನೆ ಹೇಳಲು ಕೂತಾಗ ಹೆಂಗಸರಲ್ಲೊಬ್ಬರು, "ಮಿಕ್ಸರ್ ಹಚ್ಚವಾ ಶಾರದಮ್ಮಾ," ಅಂದರಂತೆ. ಎಲ್ಲರೂ ನಕ್ಕರಂತೆ. ಶಾರದಮ್ಮನೂ ನಕ್ಕು, ಎದ್ದು ಹೋಗಿ ಊಟದ ಪಂಕ್ತಿಯಲ್ಲಿ ಕೂತರಂತೆ. ಅವತ್ತಿನಿಂದ ಅವರು ಎಲ್ಲೂ ಹಾಡಿಲ್ಲ. ಯುಗಾದಿ ಆದ ಮೇಲೆ ಅವರ ತಮ್ಮನ ಮಗಳ ಮದುವೆ. ಅದಕ್ಕೂ ಪದ ಹೇಳುವುದಿಲ್ಲ ಅಂದಿದ್ದಾರೆ. "ಆ ಕಡೆ ಅಷ್ಟು ಪದ ಬರೋದು ಅವರೊಬ್ರಿಗೇ ಸರ್," ಎಂದು ಮೇಷ್ಟ್ರು ಮಾತು ಮುಗಿಸಿದರು.

ಮೂರು ದಿನ ನಾನು ಯಾವ ಅರ್ಜಿಗೂ ತಕರಾರು ಬರೆಯಲಿಲ್ಲ. ಬರೆಯಲು ಪೆನ್ನು ತೆಗೆದರೆ, ಈ ಅರ್ಜಿಯನ್ನಾದರೂ ಸರಿಯಾಗಿ ಓದಿದ್ದೇನೋ ಇಲ್ಲವೋ ಎಂಬ ಅನುಮಾನ ಬರುತ್ತಿತ್ತು. ನನ್ನ ತಪ್ಪು ಸುಮಾ ಒಬ್ಬಳಿಗೆ ಗೊತ್ತು. ಅವಳು ಯಾರಿಗೂ ಹೇಳುವವಳಲ್ಲ. ಸುಮ್ಮನಿದ್ದರೆ ನನ್ನ ಕಿವಿಯ ಹೆಸರು ಹಾಗೇ ಉಳಿಯುತ್ತಿತ್ತು. ಶಾರದಮ್ಮನವರ ಬಾಯಿ ಮುಚ್ಚಿದ್ದೂ ಹಾಗೇ ಉಳಿಯುತ್ತಿತ್ತು. ಇದರಲ್ಲಿ ತೂಗಿ ನೋಡುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ಮೂರು ದಿನ ತೂಗಿದೆ ಅನ್ನುವುದೇ ನನ್ನ ಯೋಗ್ಯತೆ.

ಭಾನುವಾರ ಬೈಕು ತೆಗೆದೆ. ಸೊರಬದವರೆಗೂ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಹೆಲ್ಮೆಟ್ಟಿನೊಳಗೇ ಅಭ್ಯಾಸ ಮಾಡಿದೆ. ಸೊರಬದಲ್ಲಿ ಚಹಾಕ್ಕೆ ನಿಂತಾಗ ಒಂದು ಉಪಾಯ ಹೊಳೆಯಿತು. ಮುಖ ನೋಡಿ ಹೇಳುವ ಬದಲು ಗುಂಪಿನಲ್ಲೇ ಎಲ್ಲರ ಮುಂದೆ ಒಪ್ಪಿಕೊಂಡರೆ ಅದು ಇನ್ನೂ ದೊಡ್ಡದಲ್ಲವೇ? ಆಮೇಲೆ ಕುಪ್ಪಗಡ್ಡೆಗೆ ಹೋಗಬೇಕೆಂದೂ ಇಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ನನ್ನ ಫೋನಿನ ವೇಗ ತಪ್ಪಾಗಿತ್ತು, ಶಾರದಮ್ಮನವರ ಹಾಡಿನ ವೇಗ ಸರಿಯಾಗಿತ್ತು, ನಾನು ಬರೆದದ್ದೆಲ್ಲ ತಪ್ಪು, ಕ್ಷಮಿಸಬೇಕು. ಚಹಾದ ಲೋಟ ಕೆಳಗಿಡುವಷ್ಟರಲ್ಲಿ ಉತ್ತರಗಳು ಬರತೊಡಗಿದವು. "ಅದ್ಭುತ ಸರ್." "ನಂಗೂ ಅವತ್ತೇ ಅನ್ನಿಸಿತ್ತು, ವೇಗ ಸರಿಯಾಗೇ ಐತಲ್ಲ ಅಂತ." "ದೊಡ್ಡ ಮನಸ್ಸು ಸರ್ ನಿಮ್ದು." ಶಿರಾಳಕೊಪ್ಪದವರು ರಾಗದ ಹೆಸರು ಬರೆದರು.

ಶಿಕಾರಿಪುರದ ಕಡೆ ತಿರುಗಿಸಿ ನಿಲ್ಲಿಸಿದ್ದ ಬೈಕನ್ನು ಮತ್ತೆ ತಿರುಗಿಸಿದೆ. ಇವರನ್ನು ನಂಬಿ ಮನೆಗೆ ಹೋಗುವಂತಿರಲಿಲ್ಲ.

ಕುಪ್ಪಗಡ್ಡೆಯಲ್ಲಿ ರುದ್ರಪ್ಪನವರ ಮನೆ ಸಿಗುವುದು ಕಷ್ಟವಾಗಲಿಲ್ಲ. ಅವರು ಜಗಲಿಯ ಮೇಲೆ ಕೂತು ಹಗ್ಗದ ಗಂಟು ಬಿಡಿಸುತ್ತಿದ್ದರು. ಹೆಸರು ಹೇಳಿದೆ. ಶಿಕಾರಿಪುರದಿಂದ ಬಂದೆ ಅಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಒಳಗೆ ಕೂಗಿದರು: "ಏ, ಮಿಕ್ಸರ್ ಸಾಹೇಬ್ರು ಬಂದಾರೆ ನೋಡೇ!"

ಊರಿಗೆಲ್ಲ ಆ ಹೆಸರು ಶಾರದಮ್ಮನದಾದರೆ ಈ ಮನೆಯಲ್ಲಿ ಅದು ನನ್ನದು ಎಂದು ಆಗ ಗೊತ್ತಾಯಿತು.

ಶಾರದಮ್ಮ ಹೊರಗೆ ಬಂದರು. ಗಿಡ್ಡನೆಯ ಹೆಂಗಸು, ಹಣೆಯ ತುಂಬ ವಿಭೂತಿ. "ಕೂತ್ಕಳಿ," ಅಂದು ನೀರು, ಬೆಲ್ಲ ತಂದಿಟ್ಟರು. ಹೆಲ್ಮೆಟ್ಟಿನೊಳಗೆ ಮಾಡಿದ ಅಭ್ಯಾಸವೆಲ್ಲ ಮರೆತುಹೋಗಿತ್ತು. ಫೋನು ತೆಗೆದು, ಆ ಗುರುತು ತೋರಿಸಿ, ಅಕ್ಕನಿಗೆ ಲಕ್ವ ಹೊಡೆಯದೆ ಇದ್ದದ್ದರಿಂದ ಹಿಡಿದು ಎಲ್ಲ ಅಡ್ಡಾದಿಡ್ಡಿ ಹೇಳಿದೆ. "ತಪ್ಪು ನನ್ನದು. ನಿಮ್ಮ ಹಾಡು ಸರಿಯಾಗೇ ಇತ್ತು," ಎಂದು ನಿಲ್ಲಿಸಿದೆ. ಈಗ ಅವರು ಸಮಾಧಾನವಾಯಿತು ಅನ್ನುತ್ತಾರೆ ಎಂದು ಕಾದೆ.

ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. "ಹಂಗಾರೆ ನೀವೂ ಕೇಳಿಲ್ಲ," ಅಂದರು.

"ಕೇಳಿದೆ, ಆದರೆ..."

"ಹಾಡು ಕಳ್ಸಿದ್ದು ಇವ್ರು. ಕಳ್ಸಿ ಫೋನು ಕೆಳಗಿಟ್ಟಿಲ್ಲ, ಅದ್ಭುತ, ಅದ್ಭುತ ಅಂತ ಶುರುವಾತು. ಆರು ನಿಮಿಷದ ಪದನ ಅರ್ಧ ನಿಮಿಷದಾಗೆ ಹೆಂಗೆ ಕೇಳ್ತಾರೆ? ನಿಮ್ದೊಂದು ಮಾತ್ರ ಮಾರನೇ ದಿನ ಬಂತು. ಬಯ್ದಿದ್ರಿ. ನಂಗೆ ಸಿಟ್ಟೂ ಬಂತು. ಆದ್ರೆ ಈ ಪುಣ್ಯಾತ್ಮ ಒಬ್ರು ಕೂತು ಕೇಳಿದಾರೆ, ಕೇಳಿಯೇ ಬಯ್ದಿದಾರೆ ಅಂದ್ಕಂಡೆ. ಅದ್ಕೇ ನಿಮ್ ಮಾತು ನಂಬಿದೆ."

ನಾನು ಬೆಲ್ಲದ ಚೂರನ್ನು ಕೈಯಲ್ಲಿ ಹಿಡಿದೇ ಇದ್ದೆ.

"ನಿಧಾನ ಮಾಡಿ ನೋಡ್ದೆ," ಎಂದು ಅವರು ಮುಂದುವರಿಸಿದರು. "ನಿಮ್ ಮಾತಿನಂಗೆ. ಒಂದು ವಾರ ನೋಡ್ದೆ. ನಿಧಾನ ಮಾಡಿದ್ರೆ ಕಲ್ಲು ನಿಲ್ತದೆ. ಕಲ್ಲು ನಿಂತ್ರೆ ಪದ ಎಲ್ಲಿಂದ ಬರ್ತದೆ? ಗಂಟ್ಲಾಗೆ ಬರ್ಲೇ ಇಲ್ಲ. ಸಾಕು ಅಂತ ಬಿಟ್ಟೆ." ಸ್ವಲ್ಪ ಹೊತ್ತು ಅಂಗಳದ ಕಡೆ ನೋಡಿದರು. "ಒಬ್ರಾದ್ರೂ ಕೇಳಿದಾರೆ ಅಂತಿತ್ತು. ಈಗ ಅದೂ ಇಲ್ಲ. ಯಾರೂ ಕೇಳೇ ಇಲ್ಲ."

"ನಾ ಕೇಳಿಲ್ಲೇನೇ?" ಅಂದರು ರುದ್ರಪ್ಪ ಹಗ್ಗದಿಂದ ತಲೆಯೆತ್ತದೆ.

"ನೀವು ಮೂವತ್ತೈದು ವರ್ಷದಿಂದ ಕೇಳ್ತಿದೀರಿ. ಅದು ಕೇಳಿದಂಗಲ್ಲ."

ಇಂಥ ತಕರಾರು ನನಗೆ ಹೊಸದು. ಬಯ್ದದ್ದಕ್ಕೆ ಜನ ಸಿಟ್ಟಾಗುತ್ತಾರೆ ಎಂದು ಇಷ್ಟು ವರ್ಷ ಹೆದರಿದ್ದೆ. ಕೇಳದೇ ಹೋದದ್ದು ಅದಕ್ಕಿಂತ ದೊಡ್ಡ ಅಪರಾಧ ಎಂದು ಯಾರೂ ನನ್ನ ಮೇಲೆ ಅರ್ಜಿ ಹಾಕಿರಲಿಲ್ಲ. ಕ್ಷಮೆ ಕೇಳಲು ಬಂದು ಆ ಹೆಂಗಸಿನ ಹತ್ತಿರ ಉಳಿದಿದ್ದ ಒಂದನ್ನೂ ಕಿತ್ತುಕೊಂಡಿದ್ದೆ.

"ಈಗ ಹೇಳ್ತೀರಾ? ಕೇಳ್ತೀನಿ," ಅಂದೆ.

"ಈಗೆಲ್ಲಿ ಬರ್ತದೆ," ಅಂದವರು ಎದ್ದು ಒಳಗೆ ಹೋಗಿಬಿಟ್ಟರು.

ಅಳುವುದಕ್ಕೇ ಹೋದರು ಎಂದು ನನಗೆ ಖಾತ್ರಿಯಾಯಿತು. ಎದ್ದು ಹೋಗಲೋ, ಕೂರಲೋ? "ಬರ್ತಾಳೆ, ಕೂತ್ಕಳಿ," ಅಂದರು ರುದ್ರಪ್ಪ. ಬಂದರು. ಕೈಯಲ್ಲಿ ಮೊರ, ಮೊರದ ತುಂಬ ಅಕ್ಕಿ. ನನ್ನ ಎದುರಿಗೆ ಗೋಡೆಗೊರಗಿ ಕೂತು, ಅಕ್ಕಿಯಲ್ಲಿನ ಕಲ್ಲು ಆರಿಸತೊಡಗಿದರು. ಎಷ್ಟು ಹೊತ್ತಾಯಿತೋ, ಆರಿಸುತ್ತಲೇ ಪದ ಎತ್ತಿದರು.

ಫೋನಿನಲ್ಲಿ ಕೇಳಿದ ಪದವೇ ಅದು. ತವರಿಗೆ ಹೇಳಿ ಕಳಿಸುವ ಮಾತು. ಚೆನ್ನಾಗಿದ್ದಾಳೆ ಎಂದು ಹೇಳು, ಅಂಗೈಯ ಬೊಬ್ಬೆ ಮಾತ್ರ ಹೇಳಬೇಡ ಎಂದು ಮಗಳೊಬ್ಬಳು ಬೀಸುತ್ತ ಹೇಳುವುದು. ಸ್ವಲ್ಪ ಹೊತ್ತಿಗೆ ಅಕ್ಕಿ ಆರಿಸುವುದು ನಿಂತು, ಅವರ ಬಲಗೈ ಮೊಣಕಾಲಿನ ಮೇಲೆ ದುಂಡಗೆ ತಿರುಗತೊಡಗಿತು. ಹಿಡಿಯಲು ಗೂಟವಿಲ್ಲ, ತಿರುಗಲು ಕಲ್ಲಿಲ್ಲ, ಕೈಗೆ ಮಾತ್ರ ದಾರಿ ಗೊತ್ತಿತ್ತು. ಅವಸರವೂ ಇಲ್ಲ, ನಿಧಾನವೂ ಇಲ್ಲ. ಹಿಟ್ಟು ಬೀಳಬೇಕಾದಷ್ಟು ವೇಗ.

ಮುಗಿಸಿ ನನ್ನ ಮುಖ ನೋಡಿದರು. "ಈಗ ಹೇಳ್ರಿ."

ಚೆನ್ನಾಗಿದೆ ಅಂದು ಎದ್ದು ಬರಬಹುದಿತ್ತು. "ಅದ್ಭುತ" ಅನ್ನುವ ಮಾತು ಬಾಯಿಯ ತನಕ ಬಂದಿತ್ತು. ಆದರೆ ಅವರಿಗೆ ಬೇಕಾದದ್ದು ಅದಲ್ಲ ಎಂದು ಈಗಷ್ಟೇ ಕೇಳಿದ್ದೆನಲ್ಲ. ಬೆಲ್ಲದ ಚೂರು ಕೆಳಗಿಟ್ಟು ಹೇಳಿದೆ: "ನಾಲ್ಕನೇ ನುಡಿಯಲ್ಲಿ ನೀವು ಮಾತಿನ ನಡುವೆ ಉಸಿರು ತಗೊಂಡ್ರಿ. ಒಂದು ಮಾತು ಎರಡು ತುಂಡಾಯ್ತು. ಆ ಮಾತು ಮುಗಿಸಿ ತಗೊಂಡಿದ್ರೆ ಚೆನ್ನಾಗಿತ್ತು."

ರುದ್ರಪ್ಪ ಹಗ್ಗ ಕೆಳಗಿಟ್ಟರು.

"ಅದು ತಪ್ಪಲ್ಲ," ಅಂದರು ಶಾರದಮ್ಮ. ದನಿಯಲ್ಲಿ ಈಗ ಬೇರೆಯೇ ಒಂದು ಗಟ್ಟಿತನ. "ಅಲ್ಲಿ ಕೈ ಬದಲು ಮಾಡ್ಬೇಕು. ಮೂರು ನುಡಿ ಬಲಗೈ, ಆಮೇಲೆ ಎಡಗೈ. ಅವ್ವನೂ ಅಲ್ಲೇ ಮಾಡ್ತಿದ್ಲು. ಕೈ ಬದಲು ಮಾಡೋವಾಗ ಉಸ್ರು ಅಲ್ಲೇ ಬೀಳ್ಬೇಕು. ನೀವು ಯಾವತ್ತಾದ್ರೂ ಬೀಸಿದೀರಾ?"

"ಇಲ್ಲ."

"ಮತ್ತೆ? ಅದ್ನ ಬಿಡಲ್ಲ ನಾನು."

"ಬಿಡಬೇಡಿ," ಅಂದೆ.

"ನೀವು ಬಿಡು ಅಂದ್ರೂ ಬಿಡಲ್ಲ," ಎಂದು ಗಂಡನ ಕಡೆ ತಿರುಗಿದರು. "ಮುಂದಿಂದು ಹಸೆಗೆ ಕರೆಯೋ ಪದ ರೀ. ನಮ್ ತಮ್ಮನ ಮಗಳಿಗೆ ಇದನ್ನೇ ಮೊದ್ಲು ಹೇಳ್ತೀನಿ. ಬಾಳ ದಿನ ಆತು, ನಡುವೆ ಮರ್ತ್ರೆ ಎತ್ಕೊಡ್ರಿ."

ರುದ್ರಪ್ಪ ತಲೆಯಾಡಿಸಿದರು. ಶಾರದಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಡಿದರು. ಒಂದು ಕಡೆ ಮರೆತರು, ರುದ್ರಪ್ಪ ಎತ್ತಿಕೊಟ್ಟರು, ಮುಂದೆ ಹೋದರು. ಪದ ಮುಗಿಯಿತು. ನಾನು ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಒಂದು ಸಲ ಗಂಟಲು ಸರಿಮಾಡಿಕೊಂಡು, ಮೂರನೆಯ ಪದ ಎತ್ತಿದರು.